ಬೀದರ್‌ನ ಬಾವಿಗಳ ನಕ್ಷೆಗೆ ಯಾವ ಲೈಬ್ರರಿ?

ಮಾನ್ಯ ಸಂಪಾದಕರೇ,

ಅಂತಿಮ ವರ್ಷದ ಪ್ರಾಜೆಕ್ಟ್‌ಗಳ ಕಾಲ ಬಂತೆಂದರೆ ಬೀದರ್, ಕಲಬುರಗಿ, ಯಾದಗಿರಿಯ ಎಂಜಿನಿಯರಿಂಗ್ ಹಾಗೂ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಲ್ಲಿ ಕೆಲವರು ನನ್ನಂಥ ನಿವೃತ್ತ ಉಪನ್ಯಾಸಕರ ಮನೆಯ ಕಡೆಗೂ ಬರುತ್ತಾರೆ. ಅವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸರ, ರಿಯಾಕ್ಟ್ ಹಚ್ಚೋಣ್ರೀ, ಆಂಗ್ಯುಲರ್ ಹಚ್ಚೋಣ್ರೀ?’ ಎರಡೂ ವೆಬ್ ಪುಟ ಕಟ್ಟಲು ಬಳಸುವ ಸಿದ್ಧ ಕೋಡ್‌ಗಳ ಹೆಸರು. ಏನನ್ನು ಕಟ್ಟುತ್ತಿದ್ದೀರಿ, ಅದನ್ನು ಬಳಸುವವರು ಯಾರು ಎಂದು ತಿರುಗಿ ಕೇಳಿದರೆ, ಅದಿನ್ನೂ ಗೊತ್ತುಮಾಡಿಲ್ಲ ಎಂಬ ಉತ್ತರ ಬರುತ್ತದೆ. ಅಡಿಪಾಯ ಅಗೆಯುವ ಮೊದಲೇ ಬಾಗಿಲಿನ ಬಣ್ಣ ಕೊಂಡು ತಂದವರ ಹಾಗೆ ಅವರು ನನಗೆ ಕಾಣುತ್ತಾರೆ. ಇಂಥ ಪ್ರಾಜೆಕ್ಟ್‌ಗಳಲ್ಲಿ ಹಲವು ಈಗ ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟವಾಗುತ್ತಿವೆ. ಅಂದರೆ ಪರೀಕ್ಷೆ ಮುಗಿದ ಮೇಲೂ ಬೇರೆಯವರು ಅವನ್ನು ಬಳಸುವ, ತಿದ್ದುವ, ಮುಂದುವರಿಸುವ ಅವಕಾಶವಿದೆ. ಆದ್ದರಿಂದ ವೆಬ್ ಪುಟಗಳಿಗೆ ಚಲನೆ ಕೊಡುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಲೈಬ್ರರಿಯ ಆಯ್ಕೆಯ ಬಗ್ಗೆ ನನ್ನ ಅನುಭವವನ್ನು, ನನ್ನ ತಪ್ಪನ್ನೂ ಸೇರಿಸಿ, ನಿಮ್ಮ ಓದುಗರ ಮುಂದಿಡಲು ಬಯಸುತ್ತೇನೆ.

ಇಲ್ಲಿ ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ, ನಮ್ಮ ವೆಬ್ ಪುಟಕ್ಕೆ ಜೋಡಿಸಿಕೊಳ್ಳಬಹುದಾದ ಸಿದ್ಧ ಕೋಡ್. ಅದನ್ನು ಗ್ರಂಥಾಲಯವೆಂದು ಅನುವಾದಿಸಿದ ಪಠ್ಯವೊಂದನ್ನು ಓದಿ ತರಗತಿಯೇ ನಕ್ಕಿದ್ದು ನೆನಪಿದೆ. ಹಾಗಾಗಿ ಲೈಬ್ರರಿ ಎಂದೇ ಬರೆಯುತ್ತೇನೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಸಿದ್ಧಪಡಿಸಿದರು. ಮುಂದೆ ಒಂದೊಂದು ಬ್ರೌಸರ್ ಅದನ್ನು ಒಂದೊಂದು ಬಗೆಯಲ್ಲಿ ಅರ್ಥಮಾಡಿಕೊಂಡಿದ್ದರಿಂದ, ಒಂದೇ ಕೆಲಸಕ್ಕೆ ಎರಡು ಮೂರು ರೀತಿಯ ಕೋಡ್ ಬರೆಯಬೇಕಾಗುತ್ತಿತ್ತು. ಆ ಗೋಳನ್ನು ತಪ್ಪಿಸಲೆಂದೇ 2006ರಲ್ಲಿ ಜಾನ್ ರೆಸಿಗ್ ಅವರ ಜೆಕ್ವೆರಿ ಬಂತು. ಅಂದು ಜೆಕ್ವೆರಿ ಮಾಡುತ್ತಿದ್ದ ಕೆಲಸಗಳಲ್ಲಿ ಬಹುಪಾಲನ್ನು ಇಂದು ಬ್ರೌಸರೇ ಮಾಡುತ್ತದೆ. ಯಾವ ಲೈಬ್ರರಿ ಎಂದು ಕೇಳುವ ಮುನ್ನ ಲೈಬ್ರರಿ ಬೇಕೇ ಎಂದು ಕೇಳಬೇಕು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಬ್ರಿಟನ್ ಸರ್ಕಾರದ ಮುಖ್ಯ ಜಾಲತಾಣ 2022ರಲ್ಲಿ ಜೆಕ್ವೆರಿಯನ್ನು ತೆಗೆದುಹಾಕಿತು. ಅದರಿಂದ ಉಳಿದದ್ದು ಪುಟಕ್ಕೆ ಸುಮಾರು 32 ಕಿಲೋಬೈಟ್ ಮಾತ್ರ. ಆದರೂ ಹಳೆಯ ಫೋನು, ನಿಧಾನದ ಸಂಪರ್ಕ ಇರುವವರಿಗೆ ಅಷ್ಟು ಉಳಿದರೂ ಅನುಕೂಲ ಎಂದು ಅವರು ಆ ಕೆಲಸಕ್ಕೆ ಇಳಿದಿದ್ದರು.

ಈಗ ನಮ್ಮ ಕತೆ. ಬೀದರ್‌ನ ನೌಬಾದಿನಲ್ಲಿ ಬಹಮನಿ ಅರಸರ ಕಾಲದ, 15ನೇ ಶತಮಾನದ ಸುರಂಗ ಬಾವಿ ಇರುವುದು ನಿಮ್ಮ ಓದುಗರಿಗೆ ತಿಳಿದಿದೆ. ಪರ್ಷಿಯಾದ ಕರೇಜ್ ಪದ್ಧತಿಯಲ್ಲಿ ನೆಲದೊಳಗೆ ಕಾಲುವೆ ಕೊರೆದು, ನಡುನಡುವೆ ಬಾವಿಯಂಥ ಕಂಡಿಗಳನ್ನು ಬಿಟ್ಟು, ನೀರನ್ನು ತಾನಾಗಿಯೇ ಹರಿಯುವಂತೆ ಮಾಡಿದ ಕೆಲಸ ಅದು. ಹೀಗೆ ಹೆಸರಾದವನ್ನು ಬಿಟ್ಟರೆ, ಊರೂರಿನ ಮೆಟ್ಟಿಲ ಬಾವಿಗಳ, ಕಸ ತುಂಬಿ ಮುಚ್ಚಿಹೋದ ಹೊಲದ ಬಾವಿಗಳ ಪಟ್ಟಿ ನಮ್ಮ ಕೈಗೆ ಎಲ್ಲಿಯೂ ಸಿಗಲಿಲ್ಲ. ಕೆಲವು ವಿದ್ಯಾರ್ಥಿಗಳು, ಒಬ್ಬಿಬ್ಬರು ಶಾಲಾ ಶಿಕ್ಷಕರು ಮತ್ತು ನಾನು ಸೇರಿ 2015ರಲ್ಲಿ ಅವುಗಳ ನಕ್ಷೆಯೊಂದನ್ನು ವೆಬ್‌ನಲ್ಲಿ ಮಾಡಲು ಹೊರಟೆವು. ಕೋಡ್ ಎಲ್ಲವೂ ಮುಕ್ತ. ಆಗ ಎಲ್ಲರ ಬಾಯಲ್ಲೂ ಆಂಗ್ಯುಲರ್‌ನ ಮೊದಲ ರೂಪವಾದ ಆಂಗ್ಯುಲರ್‌ಜೆಎಸ್ ಹೆಸರಿತ್ತು, ಅದರ ಹಿಂದೆ ಗೂಗಲ್ ಇತ್ತು, ಕಲಿತರೆ ಕೆಲಸ ಸಿಗುತ್ತದೆ ಎಂಬ ಮಾತೂ ಇತ್ತು. ಅದನ್ನೇ ಹಚ್ಚಿದೆವು. ಕೋಡ್‌ನ ಬಹುಭಾಗವನ್ನು ಬರೆದ ಹುಡುಗ ಎರಡು ವರ್ಷಗಳಲ್ಲಿ ಪುಣೆಗೆ ಕೆಲಸಕ್ಕೆ ಹೋದ. ಅವನದೇನೂ ತಪ್ಪಿಲ್ಲ, ಅದನ್ನು ಹಚ್ಚೆಂದು ಹೇಳಿದವನು ನಾನು.

ಗೂಗಲ್ 2016ರ ಸೆಪ್ಟೆಂಬರ್‌ನಲ್ಲಿ ಆಂಗ್ಯುಲರ್ 2 ತಂದಿತು. ಹೆಸರು ಒಂದೇ ಆದರೂ ಒಳಗೆಲ್ಲ ಹೊಸದಾಗಿ ಬರೆದದ್ದು. ಹಳೆಯ ಕೋಡ್ ಅದರಲ್ಲಿ ನೇರವಾಗಿ ನಡೆಯುತ್ತಿರಲಿಲ್ಲ. ಹಳೆಯದಕ್ಕೆ ಇದ್ದ ಬೆಂಬಲ 2021ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಆ ಹೊತ್ತಿಗೆ ನಮ್ಮ ತಂಡದಲ್ಲಿ ಹಳೆಯ ಆಂಗ್ಯುಲರ್ ಬಲ್ಲವರು ಯಾರೂ ಉಳಿದಿರಲಿಲ್ಲ, ಹೊಸ ಹುಡುಗರಿಗೆ ಸತ್ತ ವಿದ್ಯೆಯನ್ನು ಕಲಿಯುವ ಮನಸ್ಸೂ ಇರಲಿಲ್ಲ. ಬಾವಿಯ ಹೆಸರಿನಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು ತಿದ್ದುವುದಕ್ಕೂ ಧೈರ್ಯ ಸಾಲದೆ ಆ ಪುಟವನ್ನು ಹಾಗೆಯೇ ಬಿಟ್ಟಿದ್ದೆವು.

ಅದಕ್ಕಿಂತ ಮೊದಲೇ ಆಗಿದ್ದ ಇನ್ನೊಂದು ಪ್ರಸಂಗ ನನ್ನನ್ನು ಹೆಚ್ಚು ನಾಚಿಸಿತ್ತು. ಹಳ್ಳಿಯೊಂದರ ಕಟ್ಟೆಯ ಮೇಲೆ ಕುಳಿತು, ಅಲ್ಲಿನ ಮುತ್ಯಾ ಒಬ್ಬರಿಗೆ ಅವರದೇ ಊರಿನ ಬಾವಿಯನ್ನು ಅವರ ಮೊಮ್ಮಗನ ಫೋನಿನಲ್ಲಿ ತೋರಿಸಲು ಹೋದೆ. ಬಿಳಿಯ ಪರದೆಯ ಮೇಲೆ ಚಕ್ರವೊಂದು ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಅವರು ಬಾವಿಯನ್ನು ಕಟ್ಟಿಸಿದವರ ಕತೆ, ಬರಗಾಲದಲ್ಲಿ ಅದಕ್ಕೆ ಹಾಕಿದ ಪಾಳಿ, ಅದರಲ್ಲಿ ಈಜು ಕಲಿತವರ ಹೆಸರು ಎಲ್ಲವನ್ನೂ ಹೇಳಿ ಮುಗಿಸಿ, ‘ಮಾಸ್ತರ್ರೇ, ನಿಮ್ಮ ಫೋನಿನಾಗ ಬಾವಿ ಬರೂತನಕ ನಾ ಖರೇ ಬಾವಿಗಿ ಹೋಗಿ ನೀರು ನೋಡಿ ಬರ್ತಿದ್ದೆ’ ಎಂದರು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಎರಡನೆಯ ಬಾರಿ ಕಟ್ಟಲು ಕುಳಿತಾಗ ನಾವು ಮೊದಲು ಚರ್ಚಿಸಿದ್ದು, ನಾವು ಐದು ಜನ ಊರು ಬಿಟ್ಟು ಹೋದರೆ ಇದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು. ದೊಡ್ಡ ಕಂಪನಿ ಒಂದು ಲೈಬ್ರರಿಯನ್ನು ಕೈಬಿಟ್ಟರೆ ತನ್ನ ಪುಟಗಳನ್ನು ಹೊಸದಾಗಿ ಬರೆಯಲು ಅದರ ಬಳಿ ಸಂಬಳದ ಜನರಿರುತ್ತಾರೆ. ಸಂಜೆ ಎರಡು ಗಂಟೆ ಬಿಡುವು ಮಾಡಿಕೊಂಡು ಬರುವ ನಮ್ಮಂಥ ತಂಡಕ್ಕೆ ಆ ಭಾಗ್ಯವಿಲ್ಲ. ಈ ದೃಷ್ಟಿಯಿಂದ ನೋಡಿದಾಗ ಲೈಬ್ರರಿಗಳ ಚರಿತ್ರೆಯೇ ಬೇರೆಯಾಗಿ ಕಾಣುತ್ತದೆ. ಯಾಹೂ ಕಂಪನಿ ತನ್ನ ವೈಯುಐ ಲೈಬ್ರರಿಯ ಹೊಸ ಕೆಲಸವನ್ನು 2014ರಲ್ಲಿ ನಿಲ್ಲಿಸಿತು. ಇವಾನ್ ಯೂ 2014ರಲ್ಲಿ ಆರಂಭಿಸಿದ ವ್ಯೂ ಎಂಬ ಲೈಬ್ರರಿ ಬಹಳ ಅಚ್ಚುಕಟ್ಟಾದದ್ದು, ಆದರೆ ಅದರ 2ನೇ ಆವೃತ್ತಿಯ ಬೆಂಬಲವೂ 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಎಲ್ಲರೂ ಹಳತೆಂದು ಮೂಗು ಮುರಿಯುವ ಜೆಕ್ವೆರಿಯಲ್ಲಿ ಹತ್ತು ವರ್ಷಗಳ ಹಿಂದೆ ಬರೆದ ಪುಟಗಳು ಮಾತ್ರ ಇಂದಿಗೂ ಬಹುತೇಕ ಹಾಗೆಯೇ ನಡೆಯುತ್ತಿವೆ. ಹೊಸದು ಕೆಟ್ಟದ್ದು, ಹಳತು ಒಳ್ಳೆಯದು ಎಂದು ಇದರ ಅರ್ಥವಲ್ಲ. ಒಂದು ಲೈಬ್ರರಿ ದೊಡ್ಡ ಆವೃತ್ತಿಗಳನ್ನು ಎಷ್ಟು ವರ್ಷಕ್ಕೊಮ್ಮೆ ತರುತ್ತದೆ, ತಂದಾಗ ಹಳೆಯ ಕೋಡನ್ನು ಎಷ್ಟರ ಮಟ್ಟಿಗೆ ಮುರಿಯುತ್ತದೆ, ದಾಟಿಹೋಗಲು ದಾರಿ ತೋರಿಸುತ್ತದೆಯೇ ಎಂಬುದನ್ನು ಅದರ ಬಿಡುಗಡೆ ಟಿಪ್ಪಣಿಗಳಲ್ಲಿ ಓದಿಯೇ ತಿಳಿಯಬೇಕು. ಗಿಟ್‌ಹಬ್‌ನಲ್ಲಿ ಅದಕ್ಕೆ ಬಿದ್ದ ನಕ್ಷತ್ರಗಳ ಎಣಿಕೆ ಇದನ್ನು ಹೇಳುವುದಿಲ್ಲ. ಜಾತಕ ಕೂಡಿತೆಂದು ಹೆಣ್ಣು ಕೊಟ್ಟುಬಿಡುವವರು ನಮ್ಮಲ್ಲಿ ಕಡಿಮೆ. ಓಣಿಯಲ್ಲಿ ನಾಲ್ಕು ಜನರನ್ನು ವಿಚಾರಿಸಿಯೇ ಮುಂದಿನ ಮಾತು. ಹಾಗೆಯೇ ಆ ಲೈಬ್ರರಿಯ ದೂರುಗಳ ಪಟ್ಟಿಯನ್ನು ತೆರೆದು, ಯಾರೋ ಅಪರಿಚಿತರು ಕೇಳಿದ ಸಣ್ಣ ಪ್ರಶ್ನೆಗೆ ಯಾರಾದರೂ ಉತ್ತರ ಕೊಟ್ಟಿದ್ದಾರೆಯೇ, ಯಾವ ಧಾಟಿಯಲ್ಲಿ ಕೊಟ್ಟಿದ್ದಾರೆ ಎಂದು ನೋಡಬೇಕು. ಒಂದು ಸೂಕ್ಷ್ಮವನ್ನೂ ಹೇಳುತ್ತೇನೆ: ಎರಡು ವರ್ಷಗಳಿಂದ ಬದಲಾಗದ ಲೈಬ್ರರಿಯೆಲ್ಲ ಸತ್ತದ್ದಲ್ಲ; ಸಣ್ಣ ಕೆಲಸವೊಂದನ್ನು ಮಾಡಿ ಮುಗಿಸಿದ ಕೋಡ್ ಬದಲಾಗಬೇಕಾದ ಅಗತ್ಯವೇ ಇರುವುದಿಲ್ಲ.

ಫೋನಿನ ಮೇಲಿನ ಭಾರದ ವಿಷಯಕ್ಕೆ ಬರುತ್ತೇನೆ. ಕುಗ್ಗಿಸಿ ಕಳುಹಿಸಿದಾಗ ಜೆಕ್ವೆರಿಯ 3ನೇ ಆವೃತ್ತಿ ಸುಮಾರು 30 ಕಿಲೋಬೈಟ್ ಆಗುತ್ತದೆ. ರಿಯಾಕ್ಟ್ ತನ್ನ ಜೊತೆಗಾರ ಕಡತ ಸೇರಿ 40 ಕಿಲೋಬೈಟ್ ದಾಟುತ್ತದೆ. ರಿಯಾಕ್ಟ್‌ನ ರೀತಿಯಲ್ಲೇ ಬರೆಯಲು ಬರುವ ಪ್ರಿಯಾಕ್ಟ್ ನಾಲ್ಕೈದು ಕಿಲೋಬೈಟ್‌ನಲ್ಲೇ ಮುಗಿಯುತ್ತದೆ. ಒಂದು ಫೋಟೊ ಇದಕ್ಕಿಂತ ದೊಡ್ಡದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ದೊಡ್ಡದೇ. ಆದರೆ ಫೋಟೊವನ್ನು ಬಿಡಿಸಿ ತೋರಿಸಿದರೆ ಫೋನಿನ ಕೆಲಸ ಮುಗಿಯಿತು. ಜಾವಾಸ್ಕ್ರಿಪ್ಟನ್ನು ಬಿಚ್ಚಬೇಕು, ಓದಬೇಕು, ತನ್ನ ಭಾಷೆಗೆ ಇಳಿಸಬೇಕು, ಆಮೇಲೆ ನಡೆಸಬೇಕು. ಅಗ್ಗದ ಫೋನಿನಲ್ಲಿ ಹೊತ್ತು ಹಿಡಿಯುವುದು ಅಲ್ಲಿಯೇ. ಹೊಸ ಲ್ಯಾಪ್‌ಟಾಪ್‌ನಲ್ಲಿ, ಕಾಲೇಜಿನ ವೈಫೈನಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದಿಲ್ಲ. ಹಾಗಾಗಿ ನಮ್ಮ ತಂಡದಲ್ಲಿ ಯಾವ ಹೊಸ ಲೈಬ್ರರಿ ಬಂದರೂ, ಸದಸ್ಯರೊಬ್ಬರ ತಾಯಿಯ ಹಳೆಯ ಫೋನಿನಲ್ಲಿ, ಊರ ಹೊರಗಿನ ಹೊಲದಲ್ಲಿ ನಿಂತು ತೆರೆದು ನೋಡುವುದನ್ನು ನಿಯಮ ಮಾಡಿಕೊಂಡಿದ್ದೇವೆ. ಬೇಸಿಗೆಯಲ್ಲಿ ಈ ನಿಯಮ ಪಾಲಿಸುವವರಿಗೆ ಒಂದು ಲೋಟ ಮಜ್ಜಿಗೆಯನ್ನೂ ಗೊತ್ತುಮಾಡಿದ್ದೇವೆ.

ಇಂಗ್ಲಿಷ್ ಬ್ಲಾಗುಗಳ ತುಲನಾ ಪಟ್ಟಿಗಳಲ್ಲಿ ಎಂದೂ ಕಾಣದ ಪರೀಕ್ಷೆ ಇನ್ನೊಂದಿದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಆ ಲೈಬ್ರರಿ ಕನ್ನಡವನ್ನು ಹೇಗೆ ನಡೆಸಿಕೊಳ್ಳುತ್ತದೆ? ‘ಸ್ತ್ರೀ’ ಎಂಬುದು ನಮ್ಮ ಕಿವಿಗೆ, ಕಣ್ಣಿಗೆ ಒಂದೇ ಅಕ್ಷರ. ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ 6: ಸಕಾರ, ವಿರಾಮ (ಅಂದರೆ ಒತ್ತು ಮೂಡಿಸುವ ‘್’ ಚಿಹ್ನೆ), ತಕಾರ, ಮತ್ತೆ ವಿರಾಮ, ರಕಾರ ಮತ್ತು ದೀರ್ಘದ ಚಿಹ್ನೆ. ‘ಕಲಬುರಗಿ’ಯ ಐದು ಅಕ್ಷರಗಳನ್ನು ಅದು 7 ಎಂದು ಎಣಿಸುತ್ತದೆ, ‘ಯಾದಗಿರಿ’ಯ ನಾಲ್ಕನ್ನೂ 7 ಎನ್ನುತ್ತದೆ. ಈಗ ಪಟ್ಟಿ ತೋರಿಸುವ ಲೈಬ್ರರಿಯೊಂದು ಉದ್ದನೆಯ ಹೆಸರನ್ನು ಇಂತಿಷ್ಟು ಅಕ್ಷರಕ್ಕೆ ಕತ್ತರಿಸಿ ಮೂರು ಚುಕ್ಕಿ ಇಡುತ್ತದೆ ಎಂದುಕೊಳ್ಳಿ. ಇಂಗ್ಲಿಷಿನಲ್ಲಿ ಪದ ಮಾತ್ರ ತುಂಡಾಗುತ್ತದೆ. ಕನ್ನಡದಲ್ಲಿ ಅಕ್ಷರವೇ ತುಂಡಾಗಿ, ಒತ್ತು ಕಳಚಿ, ಅರ್ಧಾಕ್ಷರ ಉಳಿಯುತ್ತದೆ. ಅಕ್ಷರದ ಗಡಿಯನ್ನು ಗುರುತಿಸಲು ಬ್ರೌಸರ್‌ಗಳಲ್ಲಿಯೇ ಈಗ ಸೆಗ್ಮೆಂಟರ್ ಎಂಬ ಸೌಲಭ್ಯವಿದೆ. ಕ್ರೋಮ್‌ನಲ್ಲಿ ಅದು 2020ರಲ್ಲೇ ಬಂದಿತ್ತು, ಫೈರ್‌ಫಾಕ್ಸ್‌ಗೆ ಬಂದದ್ದು 2024ರಲ್ಲಿ. ಕನ್ನಡದ ಒತ್ತಕ್ಷರಗಳ ವಿಷಯದಲ್ಲಿ ಅದನ್ನೂ ಪರೀಕ್ಷಿಸದೆ ನಂಬಬಾರದು. ಕಾಗದಕ್ಕೆ ಇಳಿಸಲು ಪಿಡಿಎಫ್ ತಯಾರಿಸುವ ಲೈಬ್ರರಿಗಳಲ್ಲಂತೂ ‘ರಾಷ್ಟ್ರಕೂಟ’ ಎಂದು ಕೊಟ್ಟರೆ ಆ ‘್’ ಚಿಹ್ನೆಗಳೆಲ್ಲ ಬಿಡಿಬಿಡಿಯಾಗಿ ಹೊರಬಂದದ್ದನ್ನು ಕಂಡಿದ್ದೇನೆ. ಮಳಖೇಡದಿಂದ ಆಳಿದವರ ಹೆಸರನ್ನೇ ನೆಟ್ಟಗೆ ಅಚ್ಚು ಮಾಡಲಾಗದ ಲೈಬ್ರರಿಯನ್ನು ಕಲಬುರಗಿಯಲ್ಲಿ ಕುಳಿತು ಏಕೆ ಆರಿಸಬೇಕು?

ಕನ್ನಡವೊಂದರಿಂದಲೇ ನಮ್ಮ ಜಿಲ್ಲೆಗಳಲ್ಲಿ ಕೆಲಸ ಮುಗಿಯುವುದಿಲ್ಲ. ಬೀದರ್‌ನ ಎಷ್ಟೋ ಬಾವಿಗಳಿಗೆ ಕನ್ನಡದಲ್ಲಿ ಒಂದು ಹೆಸರು, ಉರ್ದುವಿನಲ್ಲಿ ಇನ್ನೊಂದು. ಮರಾಠಿ ಹೆಸರುಗಳೂ ಸಿಗುತ್ತವೆ. ಉರ್ದು ಬಲದಿಂದ ಎಡಕ್ಕೆ ಸಾಗುವ ಬರಹ. ಪುಟದ ದಿಕ್ಕನ್ನು ತಿರುಗಿಸಿದಾಗ ಗುಂಡಿಗಳು, ಪಟ್ಟಿಗಳು, ನಕ್ಷೆಯ ಪಕ್ಕದ ವಿವರಗಳು ತಾವಾಗಿಯೇ ಜಾಗ ಬದಲಿಸದಿದ್ದರೆ ಓದುವವರಿಗೆ ಹಿಂಸೆಯಾಗುತ್ತದೆ. ಪುಟದ ವಿನ್ಯಾಸಕ್ಕೆ ಬಹಳ ಜನ ಬಳಸುವ ಬೂಟ್‌ಸ್ಟ್ರಾಪ್ 2021ರ ಮೇ ತಿಂಗಳ 5ನೇ ಆವೃತ್ತಿಯಲ್ಲಿ ಬಲದಿಂದ ಎಡದ ಬರಹಕ್ಕೆ ಬೆಂಬಲ ಕೊಟ್ಟಿತು, ಜೆಕ್ವೆರಿಯ ಹಂಗನ್ನೂ ಬಿಟ್ಟಿತು. ನಾವು ಅದನ್ನು ಆರಿಸಿದ್ದಕ್ಕೆ ಮೊದಲನೆಯ ಕಾರಣವೇ ದೊಡ್ಡದು.

ಪರವಾನಗಿಯ ಮಾತನ್ನು ವಿದ್ಯಾರ್ಥಿಗಳು ಕೊನೆಗೆ ಎತ್ತುತ್ತಾರೆ, ಅಥವಾ ಎತ್ತುವುದೇ ಇಲ್ಲ. ಉಚಿತವಾಗಿ ಸಿಗುವುದೆಲ್ಲ ಮುಕ್ತವಲ್ಲ. ಮುಕ್ತವಾದವುಗಳ ಷರತ್ತುಗಳೂ ಒಂದೇ ಬಗೆಯವಲ್ಲ. ಎಂಐಟಿ ಪರವಾನಗಿ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕೆನ್ನುತ್ತದೆ. ಜಿಪಿಎಲ್ ಪರವಾನಗಿಯ ಕೋಡನ್ನು ಸೇರಿಸಿ ಹಂಚಿದರೆ ನಮ್ಮ ಕೋಡನ್ನೂ ಅದೇ ಷರತ್ತಿನ ಮೇಲೆ ಹಂಚಬೇಕಾಗುತ್ತದೆ. ಫೇಸ್‌ಬುಕ್ 2013ರಲ್ಲಿ ಹೊರತಂದ ರಿಯಾಕ್ಟ್‌ನ ಪರವಾನಗಿಗೆ 2014ರಲ್ಲಿ ಪೇಟೆಂಟ್ ಕುರಿತ ಷರತ್ತೊಂದು ಅಂಟಿಕೊಂಡಿತು: ಬಳಸುವವರು ಪೇಟೆಂಟ್ ವಿಷಯದಲ್ಲಿ ಫೇಸ್‌ಬುಕ್ ಮೇಲೆ ದಾವೆ ಹೂಡಿದರೆ, ಆ ಪೇಟೆಂಟ್ ಅನುಮತಿ ಅವರಿಗೆ ರದ್ದು. 2017ರ ಜುಲೈನಲ್ಲಿ ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಅಪಾಚೆ ಪ್ರತಿಷ್ಠಾನ ತನ್ನ ಯೋಜನೆಗಳಲ್ಲಿ ಇಂಥ ಪರವಾನಗಿಯ ಕೋಡ್ ಕೂಡದೆಂದಿತು, ಆಮೇಲೆ ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಕೂಡ ರಿಯಾಕ್ಟನ್ನು ಬಿಡುವ ಮಾತಾಡಿತು. ಅದೇ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಅದನ್ನು ಎಂಐಟಿ ಪರವಾನಗಿಗೆ ತಂದಿತು. ಇಷ್ಟು ಹೆಸರಾದ ಲೈಬ್ರರಿಯ ಷರತ್ತನ್ನು ಎಷ್ಟು ಜನ ಓದದೆಯೇ ಮೂರು ವರ್ಷ ಬಳಸಿರಬಹುದು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಒಂದು ಲೈಬ್ರರಿಯನ್ನು ಕರೆದರೆ ಅದರ ಬೆನ್ನಿಗೆ ಎಷ್ಟು ಜನ ಬರುತ್ತಾರೆ ಎಂಬುದನ್ನೂ ನೋಡಬೇಕು. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಕೋಡನ್ನು ಅದರ ಕರ್ತೃ ಜಾವಾಸ್ಕ್ರಿಪ್ಟ್ ಕೋಡ್‌ಗಳ ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ ಜಗತ್ತಿನ ಅಸಂಖ್ಯ ಯೋಜನೆಗಳ ಕೆಲಸ ನಿಂತಿತು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಆ ಕೋಡ್‌ನ ಕೆಲಸವಾಗಿತ್ತು. ಮರುವರ್ಷವೇ ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಆ ಸೌಲಭ್ಯ ಬಂತು. ಇನ್ನೊಂದು, ಪಾಲಿಫಿಲ್ ಎಂಬ ಲೈಬ್ರರಿಯನ್ನು ಹಂಚುತ್ತಿದ್ದ ಜಾಲತಾಣದ ಹೆಸರು 2024ರಲ್ಲಿ ಬೇರೆ ಕಂಪನಿಯ ಕೈಗೆ ಹೋಗಿ, ಅಲ್ಲಿಂದ ನೇರವಾಗಿ ಕೋಡ್ ಎಳೆದುಕೊಳ್ಳುತ್ತಿದ್ದ 1 ಲಕ್ಷಕ್ಕೂ ಹೆಚ್ಚು ತಾಣಗಳಿಗೆ ಕಿಡಿಗೇಡಿ ಕೋಡ್ ಸೇರಿತು. ಆ ಸುದ್ದಿ ಓದಿದ ದಿನವೇ ನಾವು ಹೊರಗಿನಿಂದ ಎಳೆಯುತ್ತಿದ್ದ ಕಡತಗಳನ್ನೆಲ್ಲ ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಂಡೆವು. ಇದರಲ್ಲಿ ಒಂದು ಸ್ಥಳೀಯ ಲಾಭವೂ ಇದೆ. ಹಾಸ್ಟೆಲ್ ಹುಡುಗನೊಬ್ಬ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ನಮ್ಮ ಕೋಡನ್ನು ಇಳಿಸಿಕೊಂಡು, ಕರೆಂಟ್ ಹೋಗುವುದರೊಳಗೆ ಒಂದು ತಿದ್ದುಪಡಿ ಮಾಡಿ ಕಳುಹಿಸಲು ಆಗಬೇಕು. ನೂರಾರು ಪ್ಯಾಕೇಜುಗಳು ಇಳಿಯುವವರೆಗೆ ಕಾಯಬೇಕಾದರೆ ಅವನ ಆ ದಿನದ ಡೇಟಾವೂ ಉತ್ಸಾಹವೂ ಒಟ್ಟಿಗೆ ಮುಗಿದಿರುತ್ತವೆ.

ನಕ್ಷೆಗೆ ಲೀಫ್ಲೆಟ್ ಆರಿಸಿದೆವು. ಉಕ್ರೇನ್‌ನ ವೊಲೊಡಿಮಿರ್ ಅಗಾಫೊಂಕಿನ್ 2011ರಲ್ಲಿ ಪ್ರಕಟಿಸಿದ ಈ ಲೈಬ್ರರಿಯ ಗಾತ್ರ ಸುಮಾರು 42 ಕಿಲೋಬೈಟ್. ಬೇರೆ ಯಾವ ಲೈಬ್ರರಿಯನ್ನೂ ಅದು ಬೇಡುವುದಿಲ್ಲ. ಗೂಗಲ್ ನಕ್ಷೆಯನ್ನು ಕೋಡ್ ಮೂಲಕ ಪುಟದಲ್ಲಿ ಸೇರಿಸಲು 2018ರಿಂದ ಬಿಲ್ಲಿಂಗ್ ಖಾತೆ ತೆರೆಯಬೇಕು. ಬಾವಿಗಳ ನಕ್ಷೆಗೆ ಯಾರ ಕ್ರೆಡಿಟ್ ಕಾರ್ಡ್ ಕೊಡುವುದು ಎಂಬ ಪ್ರಶ್ನೆಯೇ ಆ ಚರ್ಚೆಯನ್ನು ಮುಗಿಸಿತು. ಎಲ್ಲರೂ ಸೇರಿ ತಯಾರಿಸುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಚಿತ್ರಗಳನ್ನು ಬಳಸುವಾಗಲೂ ಅವರ ಹೆಸರನ್ನು ನಮೂದಿಸಬೇಕು, ಅವರ ಸರ್ವರ್‌ಗೆ ಮಿತಿಮೀರಿ ಹೊರೆ ಹಾಕಬಾರದು ಎಂಬ ನಿಯಮಗಳಿವೆ. ಅವು ನ್ಯಾಯವಾದವೇ.

ಎಲ್ಲರೂ ನನ್ನ ಮಾತನ್ನು ಒಪ್ಪಿದರೆಂದು ತಿಳಿಯಬೇಡಿ. ತಂಡದ ಯುವತಿಯೊಬ್ಬರು ರಿಯಾಕ್ಟ್ ಪರವಾಗಿ ಗಟ್ಟಿಯಾಗಿ ವಾದಿಸಿದರು. ರಿಯಾಕ್ಟ್ ಬಲ್ಲವರು ಎಲ್ಲೆಡೆ ಇರುವುದರಿಂದ ಕೈಜೋಡಿಸುವವರು ಹೆಚ್ಚು ಸಿಗುತ್ತಾರೆ, ಇಲ್ಲಿ ಪುಕ್ಕಟೆ ದುಡಿಯುವ ಹುಡುಗರಿಗೆ ನಾಳೆ ಕೆಲಸಕ್ಕಾದರೂ ಆ ಕಲಿಕೆ ಆಗಲಿ ಎಂಬುದು ಅವರ ನಿಲುವು. ಎರಡನೆಯ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಪಗಾರ ತೆಗೆದುಕೊಂಡು ಪಿಂಚಣಿಗೆ ಬಂದವನು ಆ ಮಾತನ್ನು ತಳ್ಳಿಹಾಕುವುದು ಸುಲಭ. ಮೊದಲನೆಯದಕ್ಕೆ ಮಾತ್ರ ನಮ್ಮ ಅನುಭವ ಬೇರೆ ಉತ್ತರ ಕೊಟ್ಟಿದೆ: ಬಾವಿಯ ನಕ್ಷೆಗೆ ಕೈಜೋಡಿಸಿದವರೆಲ್ಲ ಈ ಭಾಗದವರೇ, ಅವರಲ್ಲಿ ಹೆಚ್ಚಿನವರಿಗೆ ಗೊತ್ತಿದ್ದದ್ದು ವೆಬ್ ಪುಟ ಬರೆಯುವ ಸಾದಾ ಎಚ್‌ಟಿಎಂಎಲ್. ಕೊನೆಗೆ ಓದುಗರು ನೋಡುವ ಪುಟಗಳಲ್ಲಿ ಲೀಫ್ಲೆಟ್, ಬೂಟ್‌ಸ್ಟ್ರಾಪ್ ಬಿಟ್ಟು ಬೇರೆ ಲೈಬ್ರರಿ ಬೇಡವೆಂದಾಯಿತು. ಸ್ವಯಂಸೇವಕರು ಫೋಟೊ, ಆಳ, ಹೆಸರು ತುಂಬುವ ಒಳಪುಟದಲ್ಲಿ ಒಂದು ಕಡೆ ಬದಲಾದರೆ ಹತ್ತು ಕಡೆ ಬದಲಾಗಬೇಕಾದ್ದರಿಂದ ಪ್ರಿಯಾಕ್ಟ್ ಇರಲೆಂದು ಆ ಯುವತಿಯ ವಾದವನ್ನೇ ಒಪ್ಪಿದೆವು. ಅದೇ ಪುಟದಲ್ಲಿ ಜೆಕ್ವೆರಿಯೂ ಉಳಿದಿದೆ! ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡಲು ವಿಕಿಪೀಡಿಯ ನಡೆಸುವ ವಿಕಿಮೀಡಿಯಾದವರ ಜೆಕ್ವೆರಿ ಐಎಂಇ ಎಂಬ ಲೈಬ್ರರಿ ಬೇಕಾಗಿತ್ತು. ಕೆಜಿಪಿ (ಕನ್ನಡ ಗಣಕ ಪರಿಷತ್) ಕೀಲಿಮಣೆಗೆ ಕೈ ಹೊಂದಿಕೊಂಡ ನಮ್ಮ ಶಿಕ್ಷಕ ಮಿತ್ರರು ಅದಿಲ್ಲದೆ ಒಂದು ಸಾಲೂ ಬರೆಯಲಾರೆ ಎಂದರು. ಒಂದೇ ಪುಟದಲ್ಲಿ ಎರಡು ಕಾಲದ ಲೈಬ್ರರಿಗಳಿರುವುದು ಶುದ್ಧಾಚಾರಿಗಳಿಗೆ ಸರಿಬೀಳದಿರಬಹುದು. ಆದರೆ ಆ ಮಿತ್ರರು ತುಂಬಿದ ಬಾವಿಗಳ ಸಂಖ್ಯೆ ಉಳಿದವರೆಲ್ಲರದ್ದಕ್ಕಿಂತ ಹೆಚ್ಚು.

ನಮ್ಮ ಭಾಗದ ಕಾಲೇಜುಗಳ ಪ್ರಾಜೆಕ್ಟ್ ಮಾರ್ಗದರ್ಶಕರಲ್ಲಿ ನನ್ನದೊಂದು ವಿನಂತಿ ಇದೆ. ವಿದ್ಯಾರ್ಥಿಗಳು ಆರಿಸಿದ ಪ್ರತಿಯೊಂದು ಲೈಬ್ರರಿಗೂ, ಅದೇ ಏಕೆ, ಅದಿಲ್ಲದೆ ಆಗುತ್ತಿರಲಿಲ್ಲವೇ, ಅದರ ಪರವಾನಗಿ ಯಾವುದು, ಕನ್ನಡದ ಒತ್ತಕ್ಷರ ಕೊಟ್ಟು ನೋಡಿದಿರಾ ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿಯೇ ಬರೆಯಿಸಿ, ಕೋಡ್ ಜೊತೆಗೆ ಇಡಿಸಬೇಕು. ನಾವು 2015ರಲ್ಲಿ ಅಂಥ ಒಂದು ಪುಟ ಬರೆದಿಟ್ಟಿದ್ದರೆ, ಮುಂದೆ ಬಂದ ಹುಡುಗರಿಗೆ ನಮ್ಮ ತಪ್ಪಾದರೂ ಅರ್ಥವಾಗುತ್ತಿತ್ತು. ಹೆಸರಾದ ಲೈಬ್ರರಿ ಬಳಸಿಲ್ಲವೆಂಬ ಒಂದೇ ಕಾರಣಕ್ಕೆ ಮೌಖಿಕ ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗುವುದೂ ನಿಲ್ಲಬೇಕು.

ಔರಾದ್ ಮತ್ತು ಭಾಲ್ಕಿ ತಾಲ್ಲೂಕುಗಳ ಬಾವಿಗಳು ನಮ್ಮ ನಕ್ಷೆಗೆ ಇನ್ನೂ ಸರಿಯಾಗಿ ಸೇರಿಲ್ಲ, ಮರಾಠಿ ಹೆಸರುಗಳ ಹುಡುಕಾಟವೂ ಅರ್ಧಕ್ಕೆ ನಿಂತಿದೆ. ಈ ವರ್ಷ ಪ್ರಾಜೆಕ್ಟ್ ಹುಡುಕುತ್ತಿರುವ ವಿದ್ಯಾರ್ಥಿಗಳು ಅಲ್ಲಿಂದ ಆರಂಭಿಸಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ
ಬೀದರ್